ಕ್ರೀಡಾವೀರ ವಾಲ್ಟರ್ ಟಲ್

ಕಾಲ್ಚೆಂಡಾಟಕ್ಕೆ ಬೇಕಾದ ಸಲಕರಣೆಗಳು ಬಹಳ ಸ್ವಲ್ಪ. ಒಂದು ಚೆಂಡು, ಒಂದಿಷ್ಟು ಬಯಲು, ಎರಡು ತುದಿಗಳಲ್ಲಿ ಗೋಲಿನ ಕಂಬಗಳು. ಇಷ್ಟಿದ್ದರೆ ಆಟ ಆರಂಭವಾಗುತ್ತದೆ. ಬಡವರ ಮಕ್ಕಳೂ ಸಿರಿವಂತರ ಮಕ್ಕಳೂ ಸಮನಾಗಿ ಆಡಬಲ್ಲ ಆಟವಿದು. ಒದ್ದ ಕಾಲು ಯಾರದು, ಅದರ ಬಣ್ಣ ಯಾವುದು ಎಂದು ಚೆಂಡು ವಿಚಾರಿಸುವುದಿಲ್ಲ. ಆದರೆ ಚೆಂಡಿಗೆ ಇಲ್ಲದ ಭೇದಬುದ್ಧಿ ಆಟವನ್ನು ನೋಡಲು ನೆರೆದ ಮನುಷ್ಯರಲ್ಲಿ ಇರುವುದುಂಟು. ಮೈಬಣ್ಣದ ಕಾರಣಕ್ಕಾಗಿ ಸಾವಿರಾರು ಜನರ ಎದುರಿನಲ್ಲಿ ಅಪಮಾನಕ್ಕೆ ಗುರಿಯಾಗಿಯೂ ತನ್ನ ಆಟದ ಘನತೆಯನ್ನು ಬಿಟ್ಟುಕೊಡದೆ ಬಾಳಿದ ಕ್ರೀಡಾಪಟುಗಳಲ್ಲಿ ಇಂಗ್ಲೆಂಡಿನ ವಾಲ್ಟರ್ ಟಲ್ ಒಬ್ಬ. ಮೈದಾನದಲ್ಲಿ ಆಟಗಾರನಾಗಿ, ರಣರಂಗದಲ್ಲಿ ಸೇನಾಧಿಕಾರಿಯಾಗಿ ಅವನು ಬಾಳಿದ್ದು ಮೂವತ್ತು ವರ್ಷಗಳಿಗೂ ಕಡಿಮೆ. ಆದರೂ ಅವನ ಹೆಸರು ಇಂದಿಗೂ ಉಳಿದಿದೆ.

ವಾಲ್ಟರನ ವಂಶದ ಮೂಲ ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಲ್ಲಿತ್ತು. ಆ ದ್ವೀಪದಲ್ಲಿ ವಿಶಾಲವಾದ ಕಬ್ಬಿನ ತೋಟಗಳಿದ್ದವು. ಆಫ್ರಿಕದಿಂದ ಹಿಡಿದು ತಂದ ಜನರನ್ನೂ ಅವರ ಸಂತತಿಯವರನ್ನೂ ಆ ತೋಟಗಳಲ್ಲಿ ಗುಲಾಮರನ್ನಾಗಿ ದುಡಿಸುತ್ತಿದ್ದರು. ವಾಲ್ಟರನ ಅಜ್ಜ ಹೀಗೆ ಗುಲಾಮನಾಗಿ ಬಾಳಿದವನು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ನಿಷೇಧಿಸುವ ಶಾಸನ ೧೮೩೪ರಲ್ಲಿ ಜಾರಿಗೆ ಬಂದಿತು. ಆ ಅಜ್ಜನ ಮಗ ಡೇನಿಯಲ್ ಟಲ್ ಸ್ವತಂತ್ರನಾಗಿ ಹುಟ್ಟಿ, ಬಡಗಿಯ ಕಸುಬನ್ನು ಕಲಿತು, ಜೀವನೋಪಾಯವನ್ನು ಅರಸುತ್ತ ಇಂಗ್ಲೆಂಡಿಗೆ ಬಂದನು. ಕೆಂಟ್ ಪ್ರಾಂತದ ಕಡಲತೀರದ ಊರಾದ ಫೋಕ್‌ಸ್ಟನ್ನಿನಲ್ಲಿ ನೆಲಸಿ, ಆ ಪ್ರಾಂತದವಳೇ ಆದ ಆಲಿಸ್ ಪಾಮರ್ ಎಂಬವಳನ್ನು ಮದುವೆಯಾದನು. ತಂದೆ ಕಪ್ಪು ವರ್ಣದವನು, ತಾಯಿ ಬಿಳಿಯ ವರ್ಣದವಳು. ಈ ದಂಪತಿಗಳ ಮಗನಾಗಿ ವಾಲ್ಟರ್ ೧೮೮೮ರ ಏಪ್ರಿಲ್ ೨೮ರಂದು ಜನಿಸಿದನು.

ಬಾಲ್ಯದಲ್ಲಿಯೇ ಅವನ ಮೇಲೆ ದುಃಖದ ಹೊರೆ ಬಿದ್ದಿತು. ೧೮೯೫ರಲ್ಲಿ ತಾಯಿ ತೀರಿಕೊಂಡಳು. ಮಕ್ಕಳನ್ನು ನೋಡಿಕೊಳ್ಳುವವರು ಯಾರೂ ಇಲ್ಲದಿರಲು, ಮರುವರ್ಷ ಡೇನಿಯಲನು ಆಲಿಸಳ ಬಂಧುವೇ ಆದ ಕ್ಲಾರಾ ಎಂಬವಳನ್ನು ಮದುವೆಯಾದನು. ಮಕ್ಕಳಿಗೆ ಮತ್ತೆ ತಾಯಿಯ ಆಸರೆ ದೊರೆಯಿತೆನ್ನುವಷ್ಟರಲ್ಲಿ, ೧೮೯೭ರ ಕೊನೆಯಲ್ಲಿ ತಂದೆಯೂ ಮರಣ ಹೊಂದಿದನು. ಕ್ಲಾರಾಳ ಕೈಯಲ್ಲಿ ಹಸುಗೂಸಿತ್ತು. ಮನೆಯಲ್ಲಿ ಸಂಪಾದನೆ ಇರಲಿಲ್ಲ. ಎಲ್ಲ ಮಕ್ಕಳನ್ನೂ ಸಾಕುವುದು ಅವಳಿಂದಾಗದ ಮಾತಾಯಿತು. ಕೊನೆಗೆ ಬೇರೆ ದಾರಿ ಕಾಣದೆ, ೧೮೯೮ರ ಫೆಬ್ರುವರಿ ತಿಂಗಳಲ್ಲಿ ವಾಲ್ಟರನನ್ನೂ ಅವನ ಅಣ್ಣ ಎಡ್ವರ್ಡನನ್ನೂ ಲಂಡನ್ ನಗರದ ಬೆತ್ನಲ್ ಗ್ರೀನ್ ಎಂಬ ಭಾಗದಲ್ಲಿದ್ದ ಅನಾಥಾಲಯಕ್ಕೆ ಸೇರಿಸಿದಳು. ಆಗ ವಾಲ್ಟರನಿಗೆ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ.

ಮೆಥಾಡಿಸ್ಟ್ ಕ್ರೈಸ್ತರು ನಡೆಸುತ್ತಿದ್ದ ಆ ಅನಾಥಾಲಯದಲ್ಲಿ ಶಿಸ್ತು ಬಿಗಿಯಾಗಿತ್ತು. ಆದರೆ ಅಲ್ಲಿ ಊಟ, ಬಟ್ಟೆ, ಓದು, ಕಸುಬು ಎಲ್ಲವೂ ದೊರೆಯುತ್ತಿದ್ದವು. ಸೋದರರಿಬ್ಬರೂ ಒಬ್ಬರಿಗೊಬ್ಬರು ಆಸರೆಯಾಗಿದ್ದರು. ಅನಾಥಾಲಯದ ಗಾಯನ ಮಂಡಲಿಯಲ್ಲಿ ಎಡ್ವರ್ಡ್ ಹಾಡುತ್ತಿದ್ದನು. ಆ ಮಂಡಲಿ ಸ್ಕಾಟ್ಲೆಂಡಿಗೆ ಹೋಗಿದ್ದಾಗ ಗ್ಲಾಸ್ಗೋ ನಗರದ ವಾರ್ನಾಕ್ ಎಂಬ ಕುಟುಂಬದವರು ಅವನನ್ನು ಮೆಚ್ಚಿ, ೧೯೦೦ರಲ್ಲಿ ದತ್ತು ಪಡೆದರು. ಎಡ್ವರ್ಡ್ ಮುಂದೆ ವ್ಯಾಸಂಗ ಮಾಡಿ ದಂತವೈದ್ಯನಾದನು. ಅಣ್ಣನಿಗೆ ಮನೆ ದೊರೆತುದು ಸಂತೋಷದ ಸಂಗತಿಯೇ. ಆದರೆ ತಮ್ಮನು ಒಂಟಿಯಾದನು. ತಾಯಿ, ತಂದೆ, ಅಣ್ಣ ಹೀಗೆ ಒಬ್ಬೊಬ್ಬರಾಗಿ ಅಗಲಿದ ಮೇಲೆ ಆ ಬಾಲಕನ ಪಾಲಿಗೆ ಉಳಿದುದು ಅನಾಥಾಲಯದ ಮುದ್ರಣಶಾಲೆ ಮತ್ತು ಆಟದ ಬಯಲು. ಮುದ್ರಣಶಾಲೆಯಲ್ಲಿ ಅವನು ಅಚ್ಚಿನ ಕೆಲಸವನ್ನು ಕಲಿತನು. ಬಯಲಿನಲ್ಲಿ ಕಾಲ್ಚೆಂಡಾಟವನ್ನು ಕಲಿತನು. ಮೊದಲನೆಯದು ಹೊಟ್ಟೆಪಾಡಿಗಾಗಿ ಕಲಿತ ವಿದ್ಯೆ. ಆದರೆ ಅವನಿಗೆ ಕೀರ್ತಿಯನ್ನು ತಂದದ್ದು ಎರಡನೆಯದು.

ಇಪ್ಪತ್ತನೆಯ ವಯಸ್ಸಿನಲ್ಲಿ, ಅಂದರೆ ೧೯೦೮ರಲ್ಲಿ, ವಾಲ್ಟರ್ ಲಂಡನ್ನಿನ ಕ್ಲಾಪ್ಟನ್ ಎಂಬ ಹವ್ಯಾಸಿ ತಂಡವನ್ನು ಸೇರಿದನು. ಅವನ ಆಟದಲ್ಲಿ ಅವಸರವಿರಲಿಲ್ಲ. ಚೆಂಡನ್ನು ಹತೋಟಿಯಲ್ಲಿಟ್ಟುಕೊಂಡು, ಎದುರಾಳಿಗಳ ಚಲನೆಯನ್ನು ಗಮನಿಸಿ, ಸರಿಯಾದ ಸಮಯಕ್ಕೆ ಸರಿಯಾದ ಜೊತೆಗಾರನಿಗೆ ಅದನ್ನು ದಾಟಿಸುವುದು ಅವನ ವೈಶಿಷ್ಟ್ಯವಾಗಿತ್ತು. ಆ ಒಂದು ಋತುವಿನಲ್ಲಿ ಕ್ಲಾಪ್ಟನ್ ತಂಡ ಹವ್ಯಾಸಿಗಳ ರಾಷ್ಟ್ರೀಯ ಕಪ್ಪೂ ಸೇರಿದಂತೆ ಮೂರು ಕಪ್ಪುಗಳನ್ನು ಗೆದ್ದುಕೊಂಡಿತು. ಪತ್ರಿಕೆಗಳು ಈ ಹೊಸ ಆಟಗಾರನನ್ನು ಹೊಗಳಿದವು. ಲಂಡನ್ನಿನ ಹೆಸರಾಂತ ವೃತ್ತಿಪರ ಸಂಘವಾದ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಅವನ ಮೇಲೆ ಕಣ್ಣಿಟ್ಟಿತು. ೧೯೦೯ರ ಬೇಸಿಗೆಯಲ್ಲಿ ಆ ಸಂಘದ ತಂಡ ದಕ್ಷಿಣ ಅಮೆರಿಕದ ಅರ್ಜೆಂಟೀನ ಮತ್ತು ಉರುಗ್ವೆ ದೇಶಗಳಿಗೆ ಪ್ರವಾಸ ಹೋದಾಗ ವಾಲ್ಟರನೂ ಜೊತೆಗೆ ಹೋದನು. ಬಳಿಕ ಸಂಘ ಅವನೊಡನೆ ಒಪ್ಪಂದ ಮಾಡಿಕೊಂಡು, ವಾರಕ್ಕೆ ೪ ಪೌಂಡುಗಳ ವೇತನವನ್ನು ಗೊತ್ತುಮಾಡಿತು. ಆ ಕಾಲದ ನಿಯಮದಂತೆ ಯಾವ ಆಟಗಾರನಿಗೂ ಅದಕ್ಕಿಂತ ಹೆಚ್ಚಿನ ವಾರದ ವೇತನವನ್ನು ಕೊಡುವಂತಿರಲಿಲ್ಲ. ಗುಲಾಮನ ಮೊಮ್ಮಗ, ಅನಾಥಾಲಯದ ಹುಡುಗ, ಇಂಗ್ಲೆಂಡಿನ ಅತ್ಯುಚ್ಚ ಶ್ರೇಣಿಯ ಆಟಗಾರರ ಸಾಲಿಗೆ ಸೇರಿದನು.

ಇಂಗ್ಲೆಂಡಿನ ವೃತ್ತಿಪರ ಕಾಲ್ಚೆಂಡಾಟಕ್ಕೆ ಕಪ್ಪು ವರ್ಣದವರು ಪೂರ್ತಿ ಹೊಸಬರೇನೂ ಆಗಿರಲಿಲ್ಲ. ಆಫ್ರಿಕದ ಅಕ್ರಾ ನಗರದಲ್ಲಿ ಹುಟ್ಟಿದ ಆರ್ಥರ್ ವಾರ್ಟನ್ ಎಂಬವನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗೋಲುರಕ್ಷಕನಾಗಿ ಆಡಿದ್ದನು. ಆದರೆ ಅಂಥವರನ್ನು ಬೆರಳುಗಳಲ್ಲಿ ಎಣಿಸಬಹುದಾಗಿತ್ತು. ಪಂದ್ಯ ನೋಡಲು ಬರುತ್ತಿದ್ದ ಬಹುಮಂದಿ ಕಪ್ಪು ವರ್ಣದ ಮನುಷ್ಯನನ್ನು ಹತ್ತಿರದಿಂದ ಕಂಡಿರಲಿಲ್ಲ. ಬ್ರಿಟನ್ ಆಗ ಜಗತ್ತಿನ ಅನೇಕ ದೇಶಗಳನ್ನು ಆಳುತ್ತಿತ್ತು. ಆಳುವವರು ಶ್ರೇಷ್ಠರು, ಆಳಿಸಿಕೊಳ್ಳುವವರು ಕನಿಷ್ಠರು ಎಂಬ ಭಾವನೆ ಜನರ ಮನಸ್ಸಿನಲ್ಲಿ ಬೇರೂರಿತ್ತು. ತಾವು ಅರಿಯದವರನ್ನು ಕುರಿತು ಮೊದಲೇ ಒಂದು ತೀರ್ಮಾನಕ್ಕೆ ಬಂದುಬಿಡುವುದೇ ಪೂರ್ವಾಗ್ರಹ. ಅದು ಮನಸ್ಸಿನಲ್ಲಿ ಮೌನವಾಗಿ ಕುಳಿತಿರುತ್ತದೆ. ಗುಂಪು ಸೇರಿದಾಗ ಅದಕ್ಕೆ ಬಾಯಿ ಬರುತ್ತದೆ.

೧೯೦೯ರ ಸೆಪ್ಟೆಂಬರಿನಲ್ಲಿ ವಾಲ್ಟರ್ ಪ್ರಥಮ ಶ್ರೇಣಿಯ ಪಂದ್ಯಗಳನ್ನು ಆಡತೊಡಗಿದನು. ಆರಂಭದ ಪಂದ್ಯಗಳಲ್ಲಿಯೇ ಅವನ ಕೌಶಲಕ್ಕೆ ಮೆಚ್ಚುಗೆ ದೊರೆಯಿತು. ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ ತಂಡ ಬ್ರಿಸ್ಟಲ್ ನಗರಕ್ಕೆ ಹೋಗಿ ಬ್ರಿಸ್ಟಲ್ ಸಿಟಿ ತಂಡವನ್ನು ಎದುರಿಸಿತು. ಬ್ರಿಸ್ಟಲ್ ಹಳೆಯ ಬಂದರು. ಒಂದು ಕಾಲದಲ್ಲಿ ಗುಲಾಮರ ವ್ಯಾಪಾರದಿಂದ ಶ್ರೀಮಂತವಾದ ಊರು ಅದು. ಅಂದಿನ ಪಂದ್ಯದಲ್ಲಿ ಪ್ರೇಕ್ಷಕರ ಒಂದು ಗುಂಪು ವಾಲ್ಟರನನ್ನೇ ಗುರಿಯಾಗಿಟ್ಟುಕೊಂಡು ಕೂಗತೊಡಗಿತು. ಅದು ಎದುರು ತಂಡದವರನ್ನು ಛೇಡಿಸುವ ಸಾಮಾನ್ಯ ಕೂಗಾಗಿರಲಿಲ್ಲ. ಅವನ ವರ್ಣವನ್ನು ಹಿಡಿದು ಆಡಿದ ಹೀನವಾದ ಬೈಗುಳವಾಗಿತ್ತು. ಅವನ ಆಟದಲ್ಲಿ ದೋಷವಿದ್ದಿದ್ದರೆ ಅವನು ಅದನ್ನು ತಿದ್ದಿಕೊಳ್ಳಬಹುದಾಗಿತ್ತು. ಆದರೆ ಹುಟ್ಟಿನಿಂದ ಬಂದ ಬಣ್ಣವನ್ನೇ ದೋಷವೆಂದು ಎಣಿಸುವವರಿಗೆ ಅವನು ಏನು ಉತ್ತರ ಕೊಡಬಲ್ಲನು? ವಾಲ್ಟರ್ ಬಾಯಿಂದ ಉತ್ತರ ಕೊಡಲಿಲ್ಲ. ಆಟವನ್ನು ಬಿಟ್ಟು ಹೊರನಡೆಯಲೂ ಇಲ್ಲ. ಕೋಪದಿಂದ ಎದುರಾಳಿಗಳ ಮೇಲೆ ಬೀಳಲೂ ಇಲ್ಲ. ಪಂದ್ಯದ ಕೊನೆಯವರೆಗೂ ನಿಯಮಗಳನ್ನು ಮೀರದೆ, ತನ್ನ ಸಹಜವಾದ ಶಾಂತರೀತಿಯಲ್ಲಿಯೇ ಆಡಿದನು.

ಆ ಪಂದ್ಯವನ್ನು ನೋಡಲು ಬಂದಿದ್ದ ಪತ್ರಿಕಾ ವರದಿಗಾರನೊಬ್ಬನು ಈ ಅನ್ಯಾಯವನ್ನು ಕಂಡು ಸುಮ್ಮನಿರಲಿಲ್ಲ. ಪ್ರೇಕ್ಷಕರ ಒಂದು ವರ್ಗದವರು ಆಡಿದ ಮಾತುಗಳು ಲಂಡನ್ನಿನ ಮೀನುಪೇಟೆಯ ಬೈಗುಳಗಳಿಗಿಂತಲೂ ಕೀಳಾಗಿದ್ದವೆಂದು ಅವನು ತನ್ನ ಪತ್ರಿಕೆಯಲ್ಲಿ ಬರೆದನು. ಮೈದಾನದಲ್ಲಿದ್ದ ಮುಂಪಡೆಯ ಆಟಗಾರರಲ್ಲಿ ಟಲ್ಲನೇ ಶ್ರೇಷ್ಠನೆಂದೂ, ನಿರ್ಮಲವಾದ ಮನಸ್ಸಿನಿಂದ ಶುದ್ಧವಾದ ಆಟವಾಡುವ ಅವನು ಬಿಳಿಯ ಆಟಗಾರರಿಗೂ ಮಾದರಿಯೆಂದೂ ಸಾರಿದನು. ಅಂಥ ಕೂಗಾಟವನ್ನು ತಡೆಯುವ ಕಾನೂನು ಆಗ ಇರಲಿಲ್ಲ. ಆ ಸಂದರ್ಭದಲ್ಲಿ ಒಬ್ಬ ಬರಹಗಾರನ ಲೇಖನಿ ನ್ಯಾಯದ ಪರವಾಗಿ ನಿಂತಿತು. ಅಂದಿನ ಘಟನೆ ಇಂದಿನವರಿಗೆ ತಿಳಿದುಬಂದಿರುವುದೂ ಆ ವರದಿಯಿಂದಲೇ.

ಆದರೆ ಒಬ್ಬನ ಧ್ವನಿ ಸಾಲದಾಯಿತು. ಆ ಪಂದ್ಯದ ಅನಂತರ ಸಂಘದ ಮೊದಲ ತಂಡದಲ್ಲಿ ವಾಲ್ಟರನಿಗೆ ಸ್ಥಾನ ದೊರೆಯುವುದು ಅಪರೂಪವಾಯಿತು. ಅವನನ್ನು ಎರಡನೆಯ ತಂಡಕ್ಕೆ ಇಳಿಸಲಾಯಿತು. ಎರಡು ವರ್ಷಗಳ ಅವಧಿಯಲ್ಲಿ ಪ್ರಥಮ ಶ್ರೇಣಿಯ ೧೦ ಪಂದ್ಯಗಳನ್ನು ಮಾತ್ರ ಆಡಿ, ೨ ಗೋಲುಗಳನ್ನು ಗಳಿಸಿ ಅವನು ಆ ಸಂಘವನ್ನು ಬಿಡಬೇಕಾಯಿತು. ಇಂಥ ಸಂದರ್ಭಗಳಲ್ಲಿ ಆಗುವ ಹಾನಿ ಎರಡು ಬಗೆಯದು. ಬೈಯುವವರ ಮಾತಿನಿಂದ ಮನಸ್ಸಿಗೆ ಗಾಯವಾಗುತ್ತದೆ. ಜೊತೆಗೆ ನಿಲ್ಲಬೇಕಾದವರು ದೂರ ಸರಿದಾಗ ಬಾಳಿನ ಅವಕಾಶವೇ ಕೈತಪ್ಪುತ್ತದೆ. ಮೊದಲನೆಯದು ಎಲ್ಲರ ಕಿವಿಗೂ ಕೇಳಿಸುತ್ತದೆ. ಎರಡನೆಯದು ಸದ್ದಿಲ್ಲದೆ ನಡೆದುಹೋಗುತ್ತದೆ. ದ್ವೇಷದ ಕೂಗಿಗೆ ಬಲ ಬರುವುದು ಕೂಗುವವರಿಂದ ಮಾತ್ರವಲ್ಲ, ಅದನ್ನು ಕೇಳಿಯೂ ಸುಮ್ಮನಿರುವವರಿಂದ.

ಪ್ರತಿಭೆಯನ್ನು ಪ್ರತಿಭೆಯೆಂದೇ ಗುರುತಿಸುವವರೂ ಲೋಕದಲ್ಲಿ ಇರುತ್ತಾರೆ. ಅಂಥವರಲ್ಲಿ ಹರ್ಬರ್ಟ್ ಚಾಪ್ಮನ್ ಒಬ್ಬ. ಪಾದರಕ್ಷೆಗಳ ತಯಾರಿಕೆಗೆ ಹೆಸರಾದ ನಾರ್ಥಾಂಪ್ಟನ್ ಪಟ್ಟಣದ ತಂಡಕ್ಕೆ ಅವನು ಆಗ ವ್ಯವಸ್ಥಾಪಕನಾಗಿದ್ದನು. ಮುಂದೆ ಹಡರ್ಸ್‌ಫೀಲ್ಡ್ ಮತ್ತು ಆರ್ಸೆನಲ್ ತಂಡಗಳನ್ನು ಉನ್ನತಿಗೇರಿಸಿ ಇಂಗ್ಲೆಂಡಿನ ಕಾಲ್ಚೆಂಡಾಟದ ಇತಿಹಾಸದಲ್ಲಿ ಅಚ್ಚಳಿಯದ ಹೆಸರನ್ನು ಪಡೆದವನು ಈತನೇ. ೧೯೧೧ರ ಅಕ್ಟೋಬರಿನಲ್ಲಿ ಚಾಪ್ಮನ್ ವಾಲ್ಟರನನ್ನು ತನ್ನ ತಂಡಕ್ಕೆ ಬರಮಾಡಿಕೊಂಡನು. ಮೊದಲು ಮುಂಪಡೆಯಲ್ಲಿ ಆಡುತ್ತಿದ್ದ ವಾಲ್ಟರ್ ಇಲ್ಲಿ ಹಾಫ್ ಬ್ಯಾಕ್ ಸ್ಥಾನದಲ್ಲಿ ನೆಲೆಯೂರಿದನು. ರಕ್ಷಣೆಗೂ ಆಕ್ರಮಣಕ್ಕೂ ನಡುವೆ ಸೇತುವೆಯಂತಿರುವ ಈ ಸ್ಥಾನಕ್ಕೆ ಬೇಕಾದ ತಾಳ್ಮೆ, ದೂರದೃಷ್ಟಿಗಳು ಅವನಲ್ಲಿ ಧಾರಾಳವಾಗಿದ್ದವು. ನಾರ್ಥಾಂಪ್ಟನ್ ತಂಡದ ಪರವಾಗಿ ಅವನು ನೂರಕ್ಕೂ ಹೆಚ್ಚು ಪಂದ್ಯಗಳನ್ನು ಆಡಿದನು. ಒಂದು ಕಡೆ ೧೦ ಪಂದ್ಯಗಳಿಗೆ ಸಾಕೆನಿಸಿದ್ದ ಅದೇ ಆಟಗಾರ ಇನ್ನೊಂದು ಕಡೆ ತಂಡದ ಆಧಾರಸ್ತಂಭವಾದನು. ಅವನ ಬಣ್ಣ ಬದಲಾಗಿರಲಿಲ್ಲ. ನೋಡುವವರ ಕಣ್ಣು ಬದಲಾಗಿತ್ತು.

೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಆಟಗಾರರೂ ಸೈನ್ಯಕ್ಕೆ ಸೇರಬೇಕೆಂಬ ಕೂಗು ಎದ್ದು, ಆ ವರ್ಷದ ಡಿಸೆಂಬರಿನಲ್ಲಿ ಕಾಲ್ಚೆಂಡಾಟದವರಿಗಾಗಿಯೇ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ ೧೭ನೆಯ ಪಡೆಯನ್ನು ಕಟ್ಟಲಾಯಿತು. ವಾಲ್ಟರ್ ತನ್ನ ಆಟವನ್ನು ಬಿಟ್ಟು ಆ ತಿಂಗಳಲ್ಲಿಯೇ ಈ ಪಡೆಯನ್ನು ಸೇರಿದನು. ೧೯೧೫ರ ನವೆಂಬರಿನಲ್ಲಿ ಪಡೆ ಫ್ರಾನ್ಸಿಗೆ ಹೋಯಿತು. ಅವನ ಯೋಗ್ಯತೆಯನ್ನು ಕಂಡ ಅಧಿಕಾರಿಗಳು ಅವನನ್ನು ಸಾರ್ಜೆಂಟ್ ಪದವಿಗೆ ಏರಿಸಿದರು. ಕಂದಕಗಳ ಬದುಕು ಘೋರವಾದುದಾಗಿತ್ತು. ಕೆಸರು, ಚಳಿ, ಇಲಿಗಳ ಕಾಟ, ಹಗಲಿರುಳೂ ಎಡೆಬಿಡದೆ ಸಿಡಿಯುವ ಗುಂಡುಗಳ ಆರ್ಭಟ, ಇವುಗಳ ನಡುವೆ ದೃಢಕಾಯರೂ ಕುಸಿದುಬೀಳುತ್ತಿದ್ದರು. ೧೯೧೬ರ ಮೇ ತಿಂಗಳಲ್ಲಿ ವಾಲ್ಟರನ ಮನಸ್ಸೂ ಯುದ್ಧದ ಆಘಾತದಿಂದ ನೊಂದು, ಅವನನ್ನು ಚಿಕಿತ್ಸೆಗಾಗಿ ಸ್ವದೇಶಕ್ಕೆ ಕಳುಹಿಸಬೇಕಾಯಿತು. ಚೇತರಿಸಿಕೊಂಡ ಮೇಲೆ ಅವನು ಮತ್ತೆ ಫ್ರಾನ್ಸಿಗೆ ಮರಳಿ, ಸೋಮ್ ನದಿಯ ಪ್ರದೇಶದ ಭೀಕರ ಯುದ್ಧದಲ್ಲಿ ಭಾಗವಹಿಸಿದನು. ವರ್ಷದ ಕೊನೆಯಲ್ಲಿ ಕಂದಕಜ್ವರಕ್ಕೆ ತುತ್ತಾಗಿ ಮತ್ತೊಮ್ಮೆ ಹಿಂದಿರುಗಿದನು.

ಈ ಸಮಯದಲ್ಲಿ ಅವನ ಬಾಳಿನಲ್ಲಿ ಇನ್ನೊಂದು ಮಹತ್ತ್ವದ ಘಟನೆ ನಡೆಯಿತು. ಶುದ್ಧ ಐರೋಪ್ಯ ವಂಶದವರಲ್ಲದವರಿಗೆ ಬ್ರಿಟಿಷ್ ಸೈನ್ಯದ ಅಧಿಕಾರಿ ಪದವಿಯನ್ನು ಕೊಡಬಾರದೆಂದು ೧೯೧೪ರ ಸೇನಾ ನಿಯಮಗಳು ಹೇಳುತ್ತಿದ್ದವು. ಕಪ್ಪು ವರ್ಣದವನ ಆಜ್ಞೆಯನ್ನು ಬಿಳಿಯ ಸಿಪಾಯಿಗಳು ಪಾಲಿಸಲಾರರು ಎಂಬುದು ಅಂದಿನ ಎಣಿಕೆ. ಆದರೆ ರಣರಂಗದಲ್ಲಿ ಅವನನ್ನು ಹತ್ತಿರದಿಂದ ಕಂಡಿದ್ದ ಮೇಲಧಿಕಾರಿಗಳು ನಿಯಮಕ್ಕಿಂತ ಮನುಷ್ಯನ ಯೋಗ್ಯತೆಗೆ ಹೆಚ್ಚಿನ ಬೆಲೆ ಕೊಟ್ಟರು. ಅವರ ಶಿಫಾರಸಿನಂತೆ ವಾಲ್ಟರ್ ಸ್ಕಾಟ್ಲೆಂಡಿನ ಗೇಲ್ಸ್ ಎಂಬಲ್ಲಿ ಅಧಿಕಾರಿಗಳ ತರಬೇತಿಯನ್ನು ಪಡೆದನು. ೧೯೧೭ರ ಮೇ ೩೦ರಂದು ಅವನಿಗೆ ಸೆಕೆಂಡ್ ಲೆಫ್ಟಿನೆಂಟ್ ಪದವಿ ದೊರೆಯಿತು. ಬ್ರಿಟಿಷ್ ಸೈನ್ಯದಲ್ಲಿ ಬಿಳಿಯ ಸಿಪಾಯಿಗಳ ಮೇಲೆ ಅಧಿಕಾರ ನಡೆಸಿದ ಮೊಟ್ಟಮೊದಲ ಕೆಲವೇ ಕಪ್ಪು ಅಧಿಕಾರಿಗಳಲ್ಲಿ ಅವನೊಬ್ಬನಾದನು.

ಅದೇ ವರ್ಷದ ಕೊನೆಯಲ್ಲಿ ಅವನನ್ನು ಮಿಡ್ಲ್‌ಸೆಕ್ಸ್ ರೆಜಿಮೆಂಟಿನ ೨೩ನೆಯ ಪಡೆಯೊಡನೆ ಇಟಲಿಗೆ ಕಳುಹಿಸಲಾಯಿತು. ಅಲ್ಲಿ ಪಿಯಾವೆ ನದಿಯ ಒಂದು ದಡದಲ್ಲಿ ಬ್ರಿಟಿಷರೂ ಇನ್ನೊಂದು ದಡದಲ್ಲಿ ಶತ್ರುಗಳೂ ಬೀಡುಬಿಟ್ಟಿದ್ದರು. ಕೊರೆಯುವ ಚಳಿಗಾಲ, ನದಿಯ ಸೆಳವು ಬಲವಾಗಿತ್ತು. ಒಂದು ರಾತ್ರಿ ವಾಲ್ಟರ್ ೨೬ ಮಂದಿ ಸಿಪಾಯಿಗಳನ್ನು ಮುನ್ನಡೆಸಿಕೊಂಡು ಹೊಳೆಯನ್ನು ದಾಟಿ, ಶತ್ರುಗಳ ನೆಲೆಯನ್ನು ಹೊಕ್ಕು, ಒಬ್ಬನಿಗೂ ಅಪಾಯವಾಗದಂತೆ ಎಲ್ಲರನ್ನೂ ಹಿಂದಕ್ಕೆ ಕರೆತಂದನು. ಸೇನಾಪತಿ ಲಾಫರ್ಡನು ಅವನ ಶೌರ್ಯವನ್ನೂ ಸಮಚಿತ್ತವನ್ನೂ ಬರಹದ ಮೂಲಕ ಪ್ರಶಂಸಿಸಿದನು. ಕಪ್ಪು ವರ್ಣದವನ ಹಿಂದೆ ಬಿಳಿಯರು ನಡೆಯಲಾರರೆಂಬ ಮಾತು ಆ ಕತ್ತಲೆಯಲ್ಲಿ, ಆ ತಣ್ಣೀರಿನಲ್ಲಿ ಸುಳ್ಳಾಯಿತು. ಆ ೨೬ ಮಂದಿಯೂ ನಂಬಿದ್ದು ಅವನ ವಿವೇಕವನ್ನು ಮತ್ತು ಧೈರ್ಯವನ್ನು.

೧೯೧೮ರ ಮಾರ್ಚ್ ತಿಂಗಳಲ್ಲಿ ಜರ್ಮನರು ಫ್ರಾನ್ಸಿನಲ್ಲಿ ಭಾರಿ ಆಕ್ರಮಣವನ್ನು ಆರಂಭಿಸಿದರು. ವಾಲ್ಟರನ ಪಡೆಯನ್ನು ಇಟಲಿಯಿಂದ ಮತ್ತೆ ಅಲ್ಲಿಗೆ ಕರೆಸಿಕೊಳ್ಳಲಾಗಿತ್ತು. ಮಾರ್ಚ್ ೨೫ರಂದು ಫಾವ್ರೆಯ್ ಎಂಬ ಹಳ್ಳಿಯ ಬಳಿ ನಡೆದ ಕಾಳಗದಲ್ಲಿ ಅವನು ಗುಂಡಿಗೆ ಬಲಿಯಾದನು. ಮೂವತ್ತು ವರ್ಷ ತುಂಬಲು ಇನ್ನೂ ಒಂದು ತಿಂಗಳಿತ್ತು. ಅವನ ಕೈಕೆಳಗಿನ ಸಿಪಾಯಿ, ಲೆಸ್ಟರ್ ತಂಡದ ಹಿಂದಿನ ಗೋಲುರಕ್ಷಕ ಟಾಮ್ ಬಿಲ್ಲಿಂಗ್‌ಹ್ಯಾಮ್, ಗುಂಡಿನ ಮಳೆಯ ನಡುವೆ ತನ್ನ ಅಧಿಕಾರಿಯ ದೇಹವನ್ನು ಸುರಕ್ಷಿತವಾದ ಸ್ಥಳಕ್ಕೆ ಒಯ್ಯಲು ಪ್ರಯತ್ನಿಸಿದನು. ಆದರೆ ಶತ್ರುಗಳು ಸಮೀಪಿಸಿದ್ದರಿಂದ ಅದು ಸಾಧ್ಯವಾಗಲಿಲ್ಲ. ವಾಲ್ಟರನಿಗೆ ಪ್ರತ್ಯೇಕವಾದ ಸಮಾಧಿಯಿಲ್ಲ. ಫ್ರಾನ್ಸಿನ ಅರಾಸ್ ನಗರದ ಯುದ್ಧಸ್ಮಾರಕದ ಗೋಡೆಯ ಮೇಲೆ ಸಾವಿರಾರು ಹೆಸರುಗಳ ನಡುವೆ ಅವನ ಹೆಸರೂ ಇದೆ.

ಕಾಲಕ್ರಮದಲ್ಲಿ ಜನ ಅವನನ್ನು ಮರೆತರು. ಅವನು ಎದುರಿಸಿದ ದ್ವೇಷ ಮಾತ್ರ ಮರೆಯಾಗಲಿಲ್ಲ. ಕಪ್ಪು ವರ್ಣದ ವಿವ್ ಆಂಡರ್ಸನ್ ಇಂಗ್ಲೆಂಡಿನ ರಾಷ್ಟ್ರೀಯ ತಂಡದ ಪರವಾಗಿ ಪೂರ್ಣಪ್ರಮಾಣದ ಅಂತರರಾಷ್ಟ್ರೀಯ ಪಂದ್ಯವಾಡಿದ್ದು ೧೯೭೮ರಲ್ಲಿ. ಆ ದಶಕದಲ್ಲಿಯೂ ಅನಂತರದ ದಶಕದಲ್ಲಿಯೂ ಕಪ್ಪು ಆಟಗಾರರತ್ತ ಬಾಳೆಹಣ್ಣುಗಳನ್ನು ಎಸೆದು, ಮಂಗಗಳಂತೆ ಕೂಗಿ ಅವಮಾನಿಸುವುದು ಅಲ್ಲಿನ ಮೈದಾನಗಳಲ್ಲಿ ನಡೆದೇ ಇತ್ತು. ಪಂದ್ಯಗಳಲ್ಲಿ ಗುಂಪುಗೂಡಿ ಜನಾಂಗದ್ವೇಷದ ಘೋಷಣೆಗಳನ್ನು ಕೂಗುವುದು ಅಪರಾಧವೆಂದು ಬ್ರಿಟನ್ನಿನ ಸಂಸತ್ತು ೧೯೯೧ರಲ್ಲಿ ಕಾನೂನು ಮಾಡಿತು. ಬ್ರಿಸ್ಟಲ್ಲಿನ ಆ ಪಂದ್ಯ ನಡೆದು ಆಗ ೮೨ ವರ್ಷಗಳಾಗಿದ್ದವು. ೧೯೯೩ರಲ್ಲಿ ಆಟಗಾರರ ಸಂಘವೂ ಸೇರಿಕೊಂಡು ವರ್ಣದ್ವೇಷವನ್ನು ಮೈದಾನದಿಂದ ಹೊರದೂಡುವ ಆಂದೋಲನವನ್ನು ಆರಂಭಿಸಿತು.

ಇದೇ ಕಾಲದಲ್ಲಿ ಇತಿಹಾಸಕಾರರು ಹಳೆಯ ಪತ್ರಿಕೆಗಳನ್ನೂ ಸೇನಾ ದಾಖಲೆಗಳನ್ನೂ ಶೋಧಿಸಿ ವಾಲ್ಟರನ ಬಾಳನ್ನು ಬೆಳಕಿಗೆ ತಂದರು. ೧೯೯೯ರಲ್ಲಿ ನಾರ್ಥಾಂಪ್ಟನ್ ಕ್ರೀಡಾಂಗಣದ ಬಳಿ ಅವನ ಸ್ಮಾರಕವನ್ನು ನಿರ್ಮಿಸಲಾಯಿತು. ೨೦೨೧ರಲ್ಲಿ ಇಂಗ್ಲೆಂಡಿನ ಕಾಲ್ಚೆಂಡಾಟದ ಕೀರ್ತಿಶಾಲಿಗಳ ಪಟ್ಟಿಗೆ ಅವನ ಹೆಸರನ್ನು ಸೇರಿಸಲಾಯಿತು. ಅದೇ ೨೦೨೧ರ ಜುಲೈ ತಿಂಗಳಲ್ಲಿ ಯೂರೋಪಿನ ರಾಷ್ಟ್ರಗಳ ಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ಇಂಗ್ಲೆಂಡಿನ ಮೂವರು ಕಪ್ಪು ಆಟಗಾರರು ಪೆನಾಲ್ಟಿ ಒದೆತಗಳಲ್ಲಿ ವಿಫಲರಾದಾಗ ಅವರ ಮೇಲೆ ಬೈಗುಳಗಳ ಮಳೆಯೇ ಸುರಿಯಿತು. ಮ್ಯಾಂಚೆಸ್ಟರ್ ನಗರದಲ್ಲಿ ಆ ಮೂವರಲ್ಲಿ ಒಬ್ಬನ ಚಿತ್ರವನ್ನು ಗೋಡೆಯ ಮೇಲೆ ಬರೆದಿದ್ದರು. ಆ ಚಿತ್ರವನ್ನೂ ದುಷ್ಟರು ವಿರೂಪಗೊಳಿಸಿದರು. ಆದರೆ ಈ ಸಲ ನ್ಯಾಯದ ಪರವಾಗಿ ನಿಂತವನು ಒಬ್ಬ ವರದಿಗಾರ ಮಾತ್ರವಲ್ಲ. ಊರಿನ ಮಕ್ಕಳು, ಹಿರಿಯರು ಗುಂಪುಗುಂಪಾಗಿ ಬಂದು, ವಿರೂಪಗೊಂಡ ಭಾಗವನ್ನು ಪ್ರೀತಿಯ ಸಂದೇಶಗಳಿಂದಲೂ ಹೂಗಳಿಂದಲೂ ಮುಚ್ಚಿದರು. ದ್ವೇಷ ಇನ್ನೂ ಅಳಿದಿಲ್ಲ. ಆದರೆ ಅದನ್ನು ಕೇಳಿ ಸುಮ್ಮನಿರುವವರು ಕಡಿಮೆಯಾಗಿದ್ದಾರೆ.

ವಾಲ್ಟರ್ ಟಲ್ ಭಾಷಣಗಳನ್ನು ಮಾಡಿದವನಲ್ಲ, ಚಳವಳಿಯನ್ನು ಕಟ್ಟಿದವನಲ್ಲ. ತನ್ನ ಪಾಲಿಗೆ ಬಂದ ಕೆಲಸವನ್ನು, ಅದು ಆಟವಾಗಲಿ ಯುದ್ಧವಾಗಲಿ, ನಿಷ್ಠೆಯಿಂದ ಮಾಡಿದನು. ಅವನ ತಾಳ್ಮೆ ಮೆಚ್ಚತಕ್ಕದ್ದು. ಆದರೆ ಆ ತಾಳ್ಮೆಯನ್ನು ಹೊಗಳಿ ಸುಮ್ಮನಾಗುವುದು ಸಲ್ಲದು. ಅವಮಾನವನ್ನು ಸಹಿಸಿಕೊಳ್ಳುವ ಹೊಣೆಯನ್ನು ಅವಮಾನಕ್ಕೊಳಗಾದವನೊಬ್ಬನ ಮೇಲೆಯೇ ಹೊರಿಸಬಾರದು. ಬ್ರಿಸ್ಟಲ್ಲಿನ ಮೈದಾನದಲ್ಲಿ ಅವನಿಗೆ ಬೇಕಾಗಿದ್ದುದು ಕರುಣೆಯಲ್ಲ, ಜೊತೆಗೆ ನಿಲ್ಲುವ ನಾಲ್ಕು ಜನ. ಆಟದ ಬಯಲಿನಲ್ಲಿರಲಿ, ಶಾಲೆಯಲ್ಲಿರಲಿ, ಬೀದಿಯಲ್ಲಿರಲಿ, ಹುಟ್ಟಿನ ಕಾರಣದಿಂದ ಒಬ್ಬನನ್ನು ಹೀಯಾಳಿಸುವ ಮಾತು ಕೇಳಿಬಂದಾಗ ಆ ನಾಲ್ವರಲ್ಲಿ ಒಬ್ಬರಾಗಿ ನಿಲ್ಲುವುದೇ ಅವನ ನೆನಪಿಗೆ ಸಲ್ಲಿಸಬಹುದಾದ ನಿಜವಾದ ಗೌರವ.